ಕಾಟ್ಲಾ ಬಲ್ಲ ಮಕ್ಕಳು ಶಾರ್ಕ್ ಬರೆಯುವಾಗ

ಸಮೇತನಹಳ್ಳಿಯ ಮಕ್ಕಳಿಗೆ ಮೀನು ಗೊತ್ತು. ಕಡುಗೋಡಿ ದಾಟಿ ಹೊಸಕೋಟೆ ತಾಲ್ಲೂಕಿಗೆ ಕಾಲಿಟ್ಟರೆ ಅದು ಕೆರೆಗಳ ಸೀಮೆ. ಮಳೆ ಚೆನ್ನಾಗಿ ಆದ ವರ್ಷ ಕಾಟ್ಲಾ, ರೋಹು, ಜಿಲೇಬಿ ಮೀನಿಗೆ ಬರವಿಲ್ಲ. ಶಾರ್ಕ್ ಮಾತ್ರ ಇಲ್ಲಿನ ಮಕ್ಕಳಿಗೆ ಮೊಬೈಲಿನ ಒಳಗಿರುವ ಪ್ರಾಣಿ. ಯಾವ ದಿಕ್ಕಿಗೆ ಹೋದರೂ ಸಮುದ್ರ ಇನ್ನೂರು ಕಿಲೋಮೀಟರಿಗಿಂತ ಆಚೆ. ಅಷ್ಟು ದೂರದ ಪ್ರಾಣಿಯನ್ನು ಒಂದು ಹಾಳೆ, ನಾಲ್ಕು ಕ್ರಯಾನ್ ಇಟ್ಟುಕೊಂಡು ಮಗುವಿನ ಹತ್ತಿರಕ್ಕೆ ತರಬಹುದು. ಬಣ್ಣ ಹಚ್ಚಿಸುವುದೆಂದರೆ ಮಕ್ಕಳನ್ನು ಒಂದಿಷ್ಟು ಹೊತ್ತು ಗಲಾಟೆ ಮಾಡದಂತೆ ಕೂರಿಸುವ ಉಪಾಯ ಎಂದುಕೊಂಡವರು ಬಹಳ ಮಂದಿ. ಮನಸ್ಸಿಟ್ಟು ಮಾಡಿದರೆ ಅದೊಂದು ಕಸುಬು. ಶಾಲೆಯ ಟೀಚರಿಗೆ, ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುವವರಿಗೆ, ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಸಂಭಾಳಿಸುವ ಅಜ್ಜಿ ತಾತಂದಿರಿಗೆ ಉಪಯೋಗವಾಗಲಿ ಎಂದು ಆ ಕಸುಬನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಕೆಲಸ ಗೆರೆಯದು. ಅಂಗಡಿಯಲ್ಲಿ ಸಿಗುವ ಬಣ್ಣದ ಪುಸ್ತಕಗಳಲ್ಲಿ ಶಾರ್ಕಿನ ಬಾಯಿ ಸಾಮಾನ್ಯವಾಗಿ ಮೂತಿಯ ತುದಿಯಲ್ಲೇ ಇರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಕಿವಿರು ಇರುವುದೇ ಇಲ್ಲ. ಮಗು ಮುಕ್ಕಾಲು ಗಂಟೆ ಕಣ್ಣು ಕೀಲಿಸಿ ನೋಡುವ ಹಾಳೆ ಅದು. ಅಷ್ಟು ಹೊತ್ತು ನೋಡಿದ್ದು ಮನಸ್ಸಿನಲ್ಲಿ ಉಳಿದೇ ಉಳಿಯುತ್ತದೆ. ಹಾಗಾಗಿ ಗೆರೆ ನಿಜ ಹೇಳಬೇಕು. ಅಂಥ ಹಾಳೆಯನ್ನು ನೀವೇ ಬರೆದುಕೊಳ್ಳುವುದು ಲೇಸು, ಕಷ್ಟವೂ ಅಲ್ಲ. ಹಾಳೆಯನ್ನು ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಣ್ಣಗಾಗುತ್ತ ಹೋಗುವ, ಮುಂಭಾಗದಲ್ಲಿ ಹೆಚ್ಚು ತುಂಬಿಕೊಂಡ ಉದ್ದನೆಯ ಆಕಾರವನ್ನು ಪೆನ್ಸಿಲಿನಲ್ಲಿ ತೆಳುವಾಗಿ ಎಳೆಯಿರಿ. ಬಾಯಿಯನ್ನು ಮೂತಿಯ ತುದಿಗೆ ಇಡಬೇಡಿ. ಸ್ವಲ್ಪ ಹಿಂದಕ್ಕೆ, ಕೆಳಗೆ. ಬಾಲ ನೆಟ್ಟಗೆ ನಿಂತಿರಲಿ, ಅದರ ಮೇಲಿನ ಕವಲು ಕೆಳಗಿನದಕ್ಕಿಂತ ಉದ್ದವಿರಲಿ. ಡಾಲ್ಫಿನ್, ತಿಮಿಂಗಿಲಗಳ ಬಾಲ ನೆಲಕ್ಕೆ ಸಮನಾಗಿ ಹರಡಿಕೊಂಡು ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ, ಶಾರ್ಕಿನದು ಎಡಕ್ಕೂ ಬಲಕ್ಕೂ ಬೀಸುತ್ತದೆ. ಈ ಒಂದು ಗೆರೆ ಸರಿಯಾಗಿ ಬಿದ್ದರೆ ಮಗು ಮುಂದೆಂದೂ ಡಾಲ್ಫಿನ್ನನ್ನು ಶಾರ್ಕ್ ಎನ್ನುವುದಿಲ್ಲ.

ಇನ್ನು ಕಿವಿರು. ಕಾಟ್ಲಾ ಮೀನಿನ ಕೆನ್ನೆಯ ಮೇಲೆ ಒಂದು ಮುಚ್ಚಳವಿರುತ್ತದೆ, ಅದನ್ನೆತ್ತಿದರೆ ಕೆಂಪು ಕಿವಿರು ಕಾಣುತ್ತದೆ. ಮೀನು ಕೊಯ್ಯುವುದನ್ನು ನೋಡಿದ ಮಕ್ಕಳಿಗೆಲ್ಲ ಇದು ಗೊತ್ತು. ಶಾರ್ಕಿಗೆ ಮುಚ್ಚಳವಿಲ್ಲ, ಎದೆಯ ರೆಕ್ಕೆಯ ಮುಂದೆ ಸಾಲಾಗಿ ಬರಿಯ ಸೀಳುಗಳು. ಐನೂರಕ್ಕೂ ಹೆಚ್ಚು ಜಾತಿಯ ಶಾರ್ಕುಗಳಲ್ಲಿ ಬಹುಪಾಲಿಗೆ ಐದು, ಕೆಲವೇ ಕೆಲವಕ್ಕೆ ಆರು ಅಥವಾ ಏಳು. ಈ ಐದು ಸೀಳುಗಳನ್ನು ಹಾಳೆಯಲ್ಲಿ ಮೊದಲೇ ಬರೆದುಕೊಡಬೇಡಿ. ಜಾಗ ಬಿಟ್ಟಿರಿ, ಮಕ್ಕಳೇ ಎಳೆಯಲಿ. ಒಂದು, ಎರಡು ಎಂದು ಎಣಿಸುತ್ತ ಎಳೆದದ್ದನ್ನು ಅವರು ಮರೆಯುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಶಾರ್ಕ್ ಎಂದು ಮಾರುವ ಬೆಳ್ಳಿ ಬಣ್ಣದ ಮೀನು ಶಾರ್ಕೇ ಅಲ್ಲ ಎನ್ನುವುದನ್ನೂ ಈ ಸೀಳುಗಳೇ ಹೇಳಿಕೊಡುತ್ತವೆ. ಅವುಗಳಲ್ಲಿ ಒಂದು ಬಗೆಯವು ಮೀಸೆಯಿರುವ ಬೆಕ್ಕುಮೀನಿನ ಜಾತಿ, ಇನ್ನೊಂದು ಬಗೆಯವು ನಮ್ಮ ಕಾಟ್ಲಾ-ರೋಹುವಿನ ಬಳಗ. ಎರಡಕ್ಕೂ ಕೆನ್ನೆಯ ಮೇಲೆ ಮುಚ್ಚಳವಿದೆ.

ಗೆರೆಯ ದಪ್ಪವೂ ಯೋಚಿಸಬೇಕಾದ ಸಂಗತಿ. ಐದಾರು ವರ್ಷದ ಮಕ್ಕಳಿಗೆ ಹೊರಗೆರೆ ಮಾರ್ಕರಿನಲ್ಲಿ ದಪ್ಪಗಿರಲಿ. ಕ್ರಯಾನ್ ಜಾರಿದರೂ ಆಕಾರ ಕೆಡುವುದಿಲ್ಲ. ಒಂಬತ್ತು ಹತ್ತು ದಾಟಿದವರಿಗೆ ತೆಳು ಗೆರೆ ಸಾಕು. ಫ್ರಾನ್ಸಿಸ್ ಡೇ ಎಂಬ ಮದರಾಸು ಸೈನ್ಯದ ವೈದ್ಯರು 1875ರಿಂದ 1878ರವರೆಗೆ ಭಾರತದ ಮೀನುಗಳ ಬಗ್ಗೆ ಹೊರತಂದ ದೊಡ್ಡ ಗ್ರಂಥದ ಚಿತ್ರಗಳನ್ನು ಒಮ್ಮೆ ನೋಡಿ. ಬಣ್ಣವಿಲ್ಲ, ಅಲಂಕಾರವಿಲ್ಲ. ಪ್ರತಿ ರೆಕ್ಕೆ, ಪ್ರತಿ ಸೀಳು ತನ್ನ ಜಾಗದಲ್ಲಿದೆ. ಮಕ್ಕಳ ಹಾಳೆಗೆ ಅದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಈಗ ಬಣ್ಣಕ್ಕೆ ಬರೋಣ. ನನ್ನ ಮಟ್ಟಿಗೆ ಈ ಕಸುಬಿನ ಜೀವ ಇರುವುದು ಇಲ್ಲಿ. ಚಿತ್ರಕಲೆಯ ಮೊದಲ ಪಾಠದಲ್ಲಿ ಮೇಷ್ಟ್ರು ಒಂದು ಚೆಂಡು ಬರೆಸುತ್ತಾರೆ. ಬೆಳಕು ಮೇಲಿನಿಂದ ಬೀಳುತ್ತದೆ, ಮೇಲ್ಭಾಗ ತಿಳಿ, ಕೆಳಭಾಗ ಗಾಢ. ಹಾಗೆ ನೆರಳು ಕೊಟ್ಟರೆ ಚೆಂಡು ಉಬ್ಬಿ ಕಾಣುತ್ತದೆ. ಶಾರ್ಕಿನ ಮೈಬಣ್ಣ ಇದಕ್ಕೆ ಪೂರ್ತಿ ತಿರುವುಮುರುವು. ಬೆನ್ನು ಗಾಢ, ಹೊಟ್ಟೆ ಬಿಳಿ. ಮೇಲಿನಿಂದ ನೋಡುವ ಕಣ್ಣಿಗೆ ಗಾಢ ಬೆನ್ನು ಆಳದ ಕತ್ತಲೆಯಲ್ಲಿ ಬೆರೆತುಹೋಗುತ್ತದೆ, ಕೆಳಗಿನಿಂದ ನೋಡಿದರೆ ಬಿಳಿ ಹೊಟ್ಟೆ ಮೇಲಿನ ಬೆಳಕಿನಲ್ಲಿ ಕರಗುತ್ತದೆ. ಪಕ್ಕದಿಂದ ನೋಡಿದರೂ ಅದಕ್ಕೆ ಲಾಭವೇ. ಬಿಸಿಲು ಬೆನ್ನನ್ನು ತಿಳಿಯಾಗಿಸುತ್ತದೆ, ನೆರಳು ಹೊಟ್ಟೆಯನ್ನು ಮಬ್ಬಾಗಿಸುತ್ತದೆ. ಎರಡೂ ಸೇರಿ ಬಣ್ಣದ ವ್ಯತ್ಯಾಸ ಅಳಿದು, ಉಬ್ಬಿದ ಮೈ ಚಪ್ಪಟೆಯಾಗಿ ಕಂಡು ನೀರಿನಲ್ಲಿ ಮರೆಯಾಗುತ್ತದೆ.

ಪ್ರಾಣಿಗಳ ಮೈಬಣ್ಣದ ಈ ಗುಟ್ಟನ್ನು 1896ರಲ್ಲಿ ವಿವರವಾಗಿ ಬರೆದು ಜಗತ್ತಿನ ಗಮನ ಸೆಳೆದವರು ಒಬ್ಬ ಚಿತ್ರಕಾರರು: ಅಮೆರಿಕದ ಅಬಟ್ ಥೇಯರ್. ಜೀವನವಿಡೀ ನೆರಳು ಬೆಳಕು ಬಳಿದ ಕಣ್ಣಿಗೆ ಪ್ರಾಣಿಯ ಬೆನ್ನಿನ ಮೇಲೆ ನೆರಳು ಕೊಡುವ ಪಾಠ ಉಲ್ಟಾ ಆಗಿರುವುದು ಕಂಡಿತು. ಪಕ್ಷಿಶಾಸ್ತ್ರಜ್ಞರಿಗೆ ಅದನ್ನು ಮನದಟ್ಟು ಮಾಡಿಸಲು ಅವರು ಗೆಣಸುಗಳಿಗೆ ಬಣ್ಣ ಬಳಿದು ತಂತಿಯ ಮೇಲೆ ನಿಲ್ಲಿಸಿ ತೋರಿಸಿದರು. ಗೆಣಸಿಗೇನು, ಹೊಸಕೋಟೆ ಸಂತೆಯಲ್ಲೂ ಸಿಗುತ್ತದೆ. ಎರಡು ಗೆಣಸು ತನ್ನಿ. ಒಂದಕ್ಕೆ ಪೂರ್ತಿ ಬೂದು ಬಣ್ಣ. ಇನ್ನೊಂದಕ್ಕೆ ಮೇಲೆ ಗಾಢ ಬೂದು, ನಡುವೆ ತಿಳಿ, ತಳಕ್ಕೆ ಬಿಳಿ. ಬೂದು ಗೋಡೆಯ ಮುಂದೆ, ಮೇಲಿನಿಂದ ಬೆಳಕು ಬೀಳುವ ಕಡೆ ದಾರದಲ್ಲಿ ತೂಗುಹಾಕಿ ದೂರದಿಂದ ನೋಡಲು ಹೇಳಿ. ಮೊದಲನೆಯದು ಗುಂಡಗೆ ಎದ್ದು ಕಾಣುತ್ತದೆ, ಎರಡನೆಯದನ್ನು ಹುಡುಕಬೇಕು. ಆಮೇಲೆ ಮಾರುಕಟ್ಟೆಯ ಕಾಟ್ಲಾವನ್ನೂ ನೋಡಿಕೊಂಡು ಬರಲಿ. ಅದರ ಬೆನ್ನೂ ಗಾಢ, ಹೊಟ್ಟೆಯೂ ಬೆಳ್ಳಗೆ. ಕೆರೆಗೂ ಕಡಲಿಗೂ ಒಂದೇ ಲೆಕ್ಕ ಎಂದು ಮಕ್ಕಳೇ ಹೇಳುತ್ತಾರೆ.

ಹಚ್ಚುವ ಕ್ರಮ ಹೀಗೆ. ಬೂದು ಕ್ರಯಾನನ್ನು ಮಲಗಿಸಿ ಹಿಡಿದು ಬೆನ್ನಿನಿಂದ ಶುರುಮಾಡಬೇಕು, ಮೊದಲ ಸುತ್ತು ತೀರ ಹಗುರ. ಅದರ ಮೇಲೆ ನೀಲಿ, ಬೆನ್ನಿನ ಅಂಚಿನಲ್ಲಿ ಮಾತ್ರ ಒತ್ತಿ. ಪಕ್ಕೆಗೆ ಇಳಿಯುತ್ತ ಇಳಿಯುತ್ತ ಕೈ ಹಗುರಾಗಬೇಕು. ಹೊಟ್ಟೆಗೆ ಬಂದಾಗ ಕ್ರಯಾನ್ ಎತ್ತಿಬಿಡಬೇಕು. ಅಲ್ಲಿ ಹಾಳೆಯ ಬಿಳಿಯೇ ಬಣ್ಣ. ಮಕ್ಕಳಿಗೆ ಅತ್ಯಂತ ಕಷ್ಟವಾಗುವುದು ಈ ಬಿಡುವುದೇ. ಖಾಲಿ ಬಿಟ್ಟರೆ ಮುಗಿದಿಲ್ಲವೆಂದು ಅಂಕ ಕಡಿಮೆಯಾಗುವ ಸ್ಪರ್ಧೆಗಳು ಅವರಿಗೆ ಅಭ್ಯಾಸವಾಗಿವೆ. ಅಂಚಿನೊಳಗೆ ಒಂದು ಚೂರೂ ಬಿಳಿ ಉಳಿಯಬಾರದು ಎಂಬ ನಿಯಮ ಶಾರ್ಕಿನ ವಿಷಯದಲ್ಲಿ ತಪ್ಪು, ಚಿತ್ರಕಲೆಯ ವಿಷಯದಲ್ಲೂ ತಪ್ಪು ಎಂದೇ ನನ್ನ ನಂಬಿಕೆ. ಹೊಟ್ಟೆಯನ್ನು ಯಾಕೆ ಬಿಟ್ಟೆ ಎಂದು ಕೇಳಿದಾಗ ಮಗು ಕಾರಣ ಹೇಳಿದರೆ ಆ ಬಿಳಿ ಜಾಗಕ್ಕೇ ಹೆಚ್ಚು ಅಂಕ ಕೊಡಬೇಕು.

ಹಾಗಾದರೆ ಹಳದಿ ಶಾರ್ಕ್ ಬರೆದ ಮಗುವಿಗೆ ಏನು ಹೇಳುವುದು? ‘ಬೇಬಿ ಶಾರ್ಕ್’ ಹಾಡನ್ನು ನೋಡದ ಮಗು ಈಗ ಸಿಗುವುದು ಅಪರೂಪ. ಕೊರಿಯಾದ ಕಂಪನಿಯೊಂದು ಮಾಡಿದ ಆ ಹಾಡು 2022ರ ಜನವರಿಯಲ್ಲಿ ಯೂಟ್ಯೂಬಿನಲ್ಲಿ ಸಾವಿರ ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಆಯಿತು. ಅದರಲ್ಲಿ ಮರಿ ಹಳದಿ, ಅಮ್ಮ ಗುಲಾಬಿ, ಅಪ್ಪ ನೀಲಿ. ತಪ್ಪು ಎನ್ನಲು ಬಾಯಿ ತೆರೆಯುವ ಮೊದಲು ನಿಜವಾದ ಸಮುದ್ರವನ್ನು ನೋಡಿ. ಲೆಮನ್ ಶಾರ್ಕ್ ಎಂಬ ಜಾತಿಯ ಮೈ ಹಳದಿ ಮಿಶ್ರಿತ ಕಂದು, ಮರಳಿನ ಮೇಲೆ ಅಡಗಲು ಹೇಳಿಮಾಡಿಸಿದ ಬಣ್ಣ. ಆಳ ಸಮುದ್ರದ ಗಾಬ್ಲಿನ್ ಶಾರ್ಕ್ ಗುಲಾಬಿ. ಅದರ ಚರ್ಮ ಎಷ್ಟು ತೆಳುವೆಂದರೆ ಒಳಗಿನ ರಕ್ತನಾಳಗಳ ಬಣ್ಣವೇ ಹೊರಗೆ ಕಾಣುತ್ತದೆ. ಬ್ಲೂ ಶಾರ್ಕಿನ ಬೆನ್ನು ಜೀವಂತವಿರುವಾಗ ಅಚ್ಚ ನೀಲಿ. ಆದ್ದರಿಂದ ಮಗು ಯಾವ ಬಣ್ಣ ಎತ್ತಿಕೊಂಡರೂ ತಡೆಯಬೇಡಿ. ಆ ಬಣ್ಣದ ಶಾರ್ಕ್ ಯಾವುದು, ಎಲ್ಲಿರುತ್ತದೆ ಎಂದು ಹೇಳಿ. ಹಾಡಿನ ಸಂಸಾರ ಮಾತ್ರ ನಿಜದಲ್ಲಿಲ್ಲ; ಶಾರ್ಕ್ ಮರಿ ಹುಟ್ಟಿದ ಗಳಿಗೆಯಿಂದ ತನ್ನ ಪಾಡು ತಾನೇ ನೋಡಿಕೊಳ್ಳುತ್ತದೆ. ಈ ಮಾತು ಕೇಳಿ ಮಕ್ಕಳು ಒಂದು ಕ್ಷಣ ಕೈ ನಿಲ್ಲಿಸುತ್ತಾರೆ.

ಸಂಗತಿಗಳನ್ನು ಯಾವಾಗ ಹೇಳಬೇಕೆನ್ನುವುದೂ ಈ ಕಸುಬಿನಲ್ಲಿ ಕಲಿಯಬೇಕಾದದ್ದೇ. ಶುರುವಿನಲ್ಲಿ ಹತ್ತು ಸಂಗತಿಗಳ ಪಟ್ಟಿ ಓದಿದರೆ ಒಂದೂ ಉಳಿಯದು. ಕೈ ಆ ಅಂಗದ ಮೇಲಿರುವಾಗಲೇ ಆ ಅಂಗದ ಮಾತು ಬರಬೇಕು. ಮೂತಿಗೆ ಬಣ್ಣ ಹಚ್ಚುವಾಗ ಅಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ ಇಡಿಸಿ. ಇಟಲಿಯ ಲೊರೆಂಜಿನಿ ಎಂಬುವರು 1678ರಲ್ಲಿ ವರ್ಣಿಸಿದ ರಂಧ್ರಗಳವು. ಮರಳಿನಡಿ ಅಡಗಿದ ಮೀನಿನ ಮೈಯಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಶಾರ್ಕ್ ಇವುಗಳಿಂದಲೇ ಗ್ರಹಿಸುತ್ತದೆ. ಮೈಗೆ ಬಂದಾಗ ಚರ್ಮದ ಮಾತು. ಶಾರ್ಕಿನ ಮೈಮೇಲೆ ಹಲ್ಲಿನದೇ ರಚನೆಯ ಸೂಕ್ಷ್ಮ ಹುರುಪೆಗಳು ಬಾಲದ ಕಡೆಗೆ ಬಾಗಿರುತ್ತವೆ. ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಒರಟು. ಹಿಂದೆ ಬಡಗಿಗಳು ಮರ ನಯಗೊಳಿಸಲು ಉಪ್ಪುಕಾಗದದ ಬದಲು ಈ ಚರ್ಮವನ್ನೇ ಬಳಸಿದ್ದುಂಟು. ಹಾಗೆಂದೇ ಬಣ್ಣವನ್ನೂ ತಲೆಯಿಂದ ಬಾಲದ ಕಡೆಗೇ ಹಚ್ಚಲು ಹೇಳಿ. ಬೆನ್ನಿಗೆ ಬಂದಾಗ ಮೂಳೆಯ ಮಾತು. ಕಾಟ್ಲಾ ತಿನ್ನುವಾಗ ಗಂಟಲಿಗೆ ಸಿಕ್ಕುವಂಥ ಮುಳ್ಳು ಶಾರ್ಕಿನಲ್ಲಿ ಇಲ್ಲವೇ ಇಲ್ಲ, ಅಸ್ಥಿಪಂಜರವೆಲ್ಲ ಮೃದ್ವಸ್ಥಿ. ಅವರವರ ಮೂಗಿನ ತುದಿ ಮುಟ್ಟಿ ಅಲ್ಲಾಡಿಸಿ ನೋಡಿಕೊಳ್ಳಲಿ, ಅದೂ ಮೃದ್ವಸ್ಥಿಯೇ.

ಹಲ್ಲು ಬರೆಯುವಾಗ ಮಕ್ಕಳ ಕೈ ಕೆಂಪು ಕ್ರಯಾನಿಗೆ ಹೋಗುತ್ತದೆ. ಬಾಯಿ ತುಂಬ ರಕ್ತ. ಆಗ ಬೈಯುವುದು ಬೇಡ. ಆರೇಳು ವರ್ಷದವರಿಗೆ ಹಾಲುಹಲ್ಲು ಬೀಳುತ್ತಿರುವ ಕಾಲ; ಶಾರ್ಕಿಗೆ ಜೀವನಪೂರ್ತಿ ಹಲ್ಲು ಬೀಳುತ್ತ, ಹಿಂದಿನ ಸಾಲಿನಿಂದ ಹೊಸದು ಮುಂದೆ ಬರುತ್ತಲೇ ಇರುತ್ತದೆ ಎಂದರೆ ಅವರ ಗಮನ ರಕ್ತದಿಂದ ಹಲ್ಲಿಗೆ ತಿರುಗುತ್ತದೆ. 1975ರ ‘ಜಾಸ್’ ಸಿನಿಮಾ ಬಿತ್ತಿದ ಹೆದರಿಕೆ ಇನ್ನೂ ಹೋಗಿಲ್ಲ. ಇಡೀ ಜಗತ್ತಿನಲ್ಲಿ, ಕೆಣಕದೆ ಇದ್ದರೂ ಶಾರ್ಕ್ ಕಚ್ಚಿ ಸಾಯುವವರು ಬಹುತೇಕ ವರ್ಷಗಳಲ್ಲಿ ಹತ್ತಕ್ಕಿಂತ ಕಡಿಮೆ. ಮನುಷ್ಯರು ಕೊಲ್ಲುವ ಶಾರ್ಕುಗಳ ಲೆಕ್ಕ ಕೋಟಿಗಳಲ್ಲಿದೆ. ಎರಡನೆಯ ಮಾತನ್ನು ಸಣ್ಣ ಮಕ್ಕಳಿಗೆ ಹೇಳಬೇಕೋ ಬೇಡವೋ ಎಂಬುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ದೊಡ್ಡ ಮಕ್ಕಳಿಗೆ ನಾನಾದರೆ ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಹಾಳೆ ತಿಮಿಂಗಿಲ ಶಾರ್ಕಿನದು. ಮೀನುಗಳಲ್ಲೆಲ್ಲ ದೊಡ್ಡದು, ತಿನ್ನುವುದು ನೀರಿನಲ್ಲಿ ತೇಲುವ ತೀರ ಸಣ್ಣ ಜೀವಿಗಳನ್ನು, ಚಿಕ್ಕ ಮೀನುಗಳನ್ನು. ಇದರ ಬಾಯಿ ಮಾತ್ರ ಬಹುಪಾಲು ಶಾರ್ಕುಗಳ ಹಾಗೆ ಕೆಳಗಿಲ್ಲ, ಮುಂದೆಯೇ ಇದೆ. ಗಾಢ ಬೆನ್ನಿನ ಮೇಲೆ ತಿಳಿ ಬಣ್ಣದ ಅಡ್ಡಗೆರೆಗಳು, ಗೆರೆಗಳ ನಡುವೆ ಬಿಳಿ ಚುಕ್ಕಿಗಳು. ನಮ್ಮ ಬಾಗಿಲ ಮುಂದಿನ ಚುಕ್ಕಿ ರಂಗೋಲಿ ನೀರಿಗಿಳಿದು ಈಜುತ್ತಿರುವಂತೆ. ಇದಕ್ಕೆ ಕ್ರಯಾನ್ ಹಚ್ಚಿಸಬೇಡಿ, ಮೇಣದ ವಿಧಾನ ಬಳಸಿ. ದಪ್ಪ ಡ್ರಾಯಿಂಗ್ ಶೀಟ್ ಬೇಕು, ಜೆರಾಕ್ಸ್ ಹಾಳೆ ನೀರಿಗೆ ಮುದುಡುತ್ತದೆ. ಮೇಣದಬತ್ತಿಯ ತುಂಡಿನಿಂದ ಅಥವಾ ಬಿಳಿ ಕ್ರಯಾನಿನಿಂದ ಬೆನ್ನಿನ ತುಂಬ ಚುಕ್ಕಿ ಮತ್ತು ಅಡ್ಡಗೆರೆ ಇಡಲಿ, ಬಲವಾಗಿ ಒತ್ತಿ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೇಣದ ಹೊಳಪು ಕಾಣುತ್ತದೆ. ನಂತರ ನೀಲಿಗೆ ಒಂದು ತೊಟ್ಟು ಕಪ್ಪು ಬೆರೆಸಿದ ನೀರುಬಣ್ಣವನ್ನು ಅಗಲ ಬ್ರಷ್ಷಿನಲ್ಲಿ ಒಂದೇ ಸಲಕ್ಕೆ ಎಳೆಯಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಮೇಣ ಕೆದರಿ ಚುಕ್ಕಿಗಳು ಮಂಕಾಗುತ್ತವೆ. ನೀರು ಮೇಣಕ್ಕೆ ಹತ್ತದು. ಬಣ್ಣ ಹಿಂದೆ ಸರಿದು ಚುಕ್ಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬರುವುದನ್ನು ನೋಡಿ ಕುಣಿಯದ ಮಗುವನ್ನು ನಾನು ಕಂಡಿಲ್ಲ.

ಬಣ್ಣ ಒಣಗುವ ಹೊತ್ತಿನಲ್ಲಿ ಹೇಳಲು ಎರಡು ಸಂಗತಿಗಳಿವೆ. ಒಂದು ತಿಮಿಂಗಿಲ ಶಾರ್ಕಿನ ಚುಕ್ಕಿಗಳ ಜೋಡಣೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಫೋಟೊ ನೋಡಿ ಇದು ಯಾವ ಶಾರ್ಕ್ ಎಂದು ಗುರುತಿಸುತ್ತಾರೆ. ಖಗೋಳ ವಿಜ್ಞಾನಿಗಳು ಆಕಾಶದ ನಕ್ಷತ್ರಗಳ ಚಿತ್ರಗಳನ್ನು ಹೋಲಿಸಲು ಬಳಸುತ್ತಿದ್ದ ಗಣಿತವನ್ನೇ ಇದಕ್ಕೆ ಹೊಂದಿಸಿದ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಇನ್ನೊಂದು ಗುಜರಾತಿನ ಕತೆ. ಅಲ್ಲಿನ ಸೌರಾಷ್ಟ್ರದ ಕರಾವಳಿಯಲ್ಲಿ ದೋಣಿಗೆ ಬಳಿಯುವ ಎಣ್ಣೆಗಾಗಿ, ಮಾಂಸಕ್ಕಾಗಿ ಇವನ್ನು ಕೊಲ್ಲುತ್ತಿದ್ದರು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿ ಇದು ಹುಲಿ ಆನೆಗಳ ಸಮಕ್ಕೆ ರಕ್ಷಣೆ ಪಡೆಯಿತು. ಕಾನೂನು ಬಂದ ಮಾತ್ರಕ್ಕೆ ಜನರ ಮನಸ್ಸು ಬದಲಾಗದು. ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಅವರು ಇದನ್ನು ‘ವ್ಹಾಲಿ’ ಎಂದು ಕರೆದರು, ಅಂದರೆ ಅಕ್ಕರೆಯವಳು. ಬಾಣಂತನಕ್ಕೆ ತವರಿಗೆ ಬರುವ ಮಗಳು ಎಂದರು. ಗಾಳಿ ತುಂಬಿದ ದೊಡ್ಡ ಶಾರ್ಕ್ ಬೊಂಬೆ ಊರೂರು ತಿರುಗಿತು. ಕೊಲ್ಲುತ್ತಿದ್ದ ಬೆಸ್ತರೇ ಬಲೆಗೆ ಸಿಕ್ಕ ಶಾರ್ಕನ್ನು ಬಿಡಿಸಲು ತಮ್ಮ ಬಲೆ ಕೊಯ್ಯತೊಡಗಿದರು. ತವರಿನ ಮಾತು ನಮ್ಮ ಹಳ್ಳಿಯ ಮಕ್ಕಳಿಗೂ ತಟ್ಟನೆ ಅರ್ಥವಾಗುತ್ತದೆ.

ಮಡಚುವ ಹಾಳೆಯೂ ಮಾಡಬಹುದು. ಜೀಬ್ರಾ ಶಾರ್ಕ್ ಮರಿಯಾಗಿದ್ದಾಗ ಗಾಢ ಮೈಮೇಲೆ ತಿಳಿ ಪಟ್ಟೆ, ಬೆಳೆದ ಮೇಲೆ ಪಟ್ಟೆ ಮಾಯವಾಗಿ ಹಳದಿ ಮಿಶ್ರಿತ ಕಂದು ಮೈತುಂಬ ಕಪ್ಪು ಚುಕ್ಕಿ. ಹಾಳೆಯ ಹೊರಮಡಿಕೆಯಲ್ಲಿ ಮರಿ, ಒಳಗೆ ಬೆಳೆದದ್ದು. ಎರಡೂ ಒಂದೇ ಎಂದು ಹೇಳುವ ಮುಂಚೆ ಊಹಿಸಲು ಬಿಡಿ. ಬಿದಿರು ಶಾರ್ಕ್ ಎಂಬ ಸಣ್ಣ ಜಾತಿ ನಮ್ಮ ಕಡಲತೀರದಲ್ಲೂ ಇದೆ. ಅದು ಕಂದು ಬಣ್ಣದ ಚಪ್ಪಟೆ ಕೋಶದೊಳಗೆ ಮೊಟ್ಟೆಯಿಡುತ್ತದೆ. ಕಂದು ಕಾಗದದ ಲಕೋಟೆಯೊಳಗೆ ಪಟ್ಟೆಪಟ್ಟೆಯ ಮರಿಯನ್ನು ಬರೆದು ಇಟ್ಟರೆ ಆಟಕ್ಕೆ ಆಟವೂ ಆಯಿತು.

ನಮ್ಮ ರಾಜ್ಯದ ಮಾತೂ ಬರಲಿ. ಮಂಗಳೂರಿನ ಕಡೆಯ ಮಕ್ಕಳು ಶಾರ್ಕನ್ನು ‘ತಾಟೆ’ ಎನ್ನುತ್ತಾರೆ, ಕೊಂಕಣಿ ಮನೆಗಳಲ್ಲಿ ‘ಮೋರಿ’. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ರೆಕ್ಕೆಯ ತುದಿ ಕಪ್ಪಗಿರುವ ಶಾರ್ಕುಗಳನ್ನು ಕಾಣುತ್ತಾರೆ. ಸಮೇತನಹಳ್ಳಿಗೂ ಕಡಲಿಗೂ ನಂಟೇ ಇಲ್ಲವೆಂದಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡ ಕೆರೆಯನ್ನು ತುಂಬಿ, ತಮಿಳುನಾಡಿಗಿಳಿದು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಹಾಳೆಯ ಹಿಂಬದಿಯಲ್ಲಿ ಈ ಹೊಳೆಯ ದಾರಿಯನ್ನು ನೀಲಿ ಗೆರೆಯಲ್ಲಿ ಬರೆಸಿ.

ಕಣ್ಣು ಕೊನೆಗೆ. ಶಿಲ್ಪಿಗಳು ಮೂರ್ತಿಯ ಕಣ್ಣನ್ನು ಕೊನೆಗೆ ತೆರೆಯುತ್ತಾರೆ, ಇಲ್ಲೂ ಅದೇ ಪದ್ಧತಿ ಒಳ್ಳೆಯದು. ಕಪ್ಪು ತುಂಬಿ, ಒಂದು ಬಿಳಿ ಚುಕ್ಕಿ ಬಿಟ್ಟರೆ ಪ್ರಾಣಿಗೆ ಜೀವ ಬರುತ್ತದೆ. ಸುತ್ತಿಗೆ ತಲೆಯ ಶಾರ್ಕಾದರೆ ಕಣ್ಣು ತಲೆಯ ಎರಡು ತುದಿಗಳಲ್ಲಿ. ಉತ್ತರ ಧ್ರುವದ ಕಡೆಯ ಗ್ರೀನ್‌ಲ್ಯಾಂಡ್ ಶಾರ್ಕಿನ ವಯಸ್ಸು ಗೊತ್ತಾದದ್ದೇ ಕಣ್ಣಿನಿಂದ. ಹುಟ್ಟುವ ಮುಂಚೆ ರೂಪುಗೊಂಡ ಕಣ್ಣಿನ ಮಸೂರದ ನಡುಭಾಗ ಆಮೇಲೆ ಬದಲಾಗುವುದಿಲ್ಲ. ಅದನ್ನು ಪರೀಕ್ಷಿಸಿ 2016ರಲ್ಲಿ ವಿಜ್ಞಾನಿಗಳು ಒಂದು ಶಾರ್ಕಿಗೆ ಕಡಿಮೆಯೆಂದರೂ 272 ವರ್ಷ ಎಂದರು. ಮುತ್ತಾತನ ಮುತ್ತಾತ ಹುಟ್ಟುವ ಮುಂಚಿನದು ಎಂದು ಮಕ್ಕಳು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ.

ಹಾಳೆಯಲ್ಲಿ ಹಿಡಿಯದೆ ಉಳಿಯುವುದು ಗಾತ್ರ ಒಂದೇ. ಅದಕ್ಕೆ ಶಾಲೆಯ ಅಂಗಳವಿದೆ. 12 ಮೀಟರ್ ಹಗ್ಗ ಅಳೆದು ನೆಲದ ಮೇಲೆ ಚಾಚಿ. ಬೆಳೆದ ತಿಮಿಂಗಿಲ ಶಾರ್ಕ್ ಅಷ್ಟುದ್ದ ಇರುತ್ತದೆ, ಸಿಕ್ಕಿರುವುದರಲ್ಲಿ ಅತಿ ದೊಡ್ಡದು 18 ಮೀಟರಿನ ಆಸುಪಾಸು. ಹಗ್ಗದ ಸುತ್ತ ಹೊರಗೆರೆ ಎಳೆದು, ಬಾಯಿಗೆ ಒಂದೂವರೆ ಮೀಟರ್ ಅಗಲ ಕೊಡಿ. ಹುಡುಗ ಹುಡುಗಿಯರು ಸಾಲಾಗಿ ಮಲಗಿ ಎಷ್ಟು ಜನ ಹಿಡಿಯುತ್ತಾರೆ ನೋಡಿಕೊಳ್ಳಲಿ. ಪಕ್ಕದಲ್ಲೇ ಸುಮಾರು 20 ಸೆಂಟಿಮೀಟರಿನ ಕುಬ್ಜ ಲ್ಯಾಂಟರ್ನ್ ಶಾರ್ಕ್ ಬರೆಯಿರಿ. ಕತ್ತಲ ಕಡಲಲ್ಲಿ ತಾನೇ ಬೆಳಗುವ ಇದು ಒಂದು ಎ4 ಹಾಳೆಯಲ್ಲಿ ನಿಜವಾದ ಅಳತೆಯಲ್ಲೇ ಹಿಡಿಯುತ್ತದೆ. ಗಟ್ಟಿ ಮಣ್ಣಿನ ಅಂಗಳವಾದರೆ ನೀರು ಚಿಮುಕಿಸಿ ರಂಗೋಲಿ ಪುಡಿ, ಸಿಮೆಂಟಾದರೆ ಸೀಮೆಸುಣ್ಣ. ಬೆನ್ನಿನ ಚುಕ್ಕಿಗಳನ್ನು ಬಾಲದಿಂದ ತಲೆಯ ಕಡೆಗೆ, ನಡುವಿನಿಂದ ಅಂಚಿಗೆ ಇಡುತ್ತ ಬರಲಿ. ಇಲ್ಲದಿದ್ದರೆ ಇಟ್ಟ ಚುಕ್ಕಿಗಳನ್ನು ತಾವೇ ತುಳಿದು ಅಳಿಸಿಬಿಡುತ್ತಾರೆ.